ಅಪ್ಪ ಕಾಲಾಳು ಕೊಡಲು ಕಲಿತದ್ದು

ಚದುರಂಗ ಆಡುವಾಗ ಅಪ್ಪ ತಾವು ತಿಂದ ಕಾಯಿಗಳನ್ನು ಮಣೆಯ ಪಕ್ಕದಲ್ಲಿ ಸಾಲಾಗಿ ಜೋಡಿಸಿಡುತ್ತಾರೆ. ಕಾಲಾಳುಗಳದು ಒಂದು ಸಾಲು, ಕುದುರೆ ಒಂಟೆಗಳದು ಇನ್ನೊಂದು. ಸಹಕಾರ ಸಂಘವೊಂದರಲ್ಲಿ 36 ವರ್ಷ ಲೆಕ್ಕ ಬರೆದವರು ಅವರು. ಆಟದ ನಡುವೆ ತಮ್ಮ ಕಡೆಯ ಸಾಲನ್ನೊಮ್ಮೆ, ಎದುರಿನವರ ಸಾಲನ್ನೊಮ್ಮೆ ನೋಡಿ ಮನಸ್ಸಿನಲ್ಲೇ ಕೂಡಿ ಕಳೆಯುತ್ತಾರೆ. ತಮ್ಮದು ಒಂದು ಹೆಚ್ಚಿದ್ದರೆ ಸಣ್ಣಗೆ ಕೆಮ್ಮುತ್ತಾರೆ. ನಾನು ಹುಡುಗಿಯಾಗಿದ್ದಾಗ ಆ ಕೆಮ್ಮು ಕೇಳಿದರೆ ಸಾಕು, ನನ್ನ ಕಥೆ ಮುಗಿಯಿತೆಂದೇ ಲೆಕ್ಕ. ಅಲ್ಲಿಂದ ಮುಂದೆ ಕುದುರೆಗೆ ಕುದುರೆ, ಆನೆಗೆ ಆನೆ ಬದಲಾಯಿಸಿಕೊಳ್ಳುತ್ತ ಹೋಗಿ, ಕೊನೆಗೆ ಆ ಒಂದು ಹೆಚ್ಚಿನ ಕಾಲಾಳನ್ನು ಅಂಗುಲ ಅಂಗುಲವಾಗಿ ತಳ್ಳಿ ಮಂತ್ರಿ ಮಾಡಿಕೊಳ್ಳುವುದು ಅವರ ಕ್ರಮ. ಅದಕ್ಕೆ ಎರಡು ಗಂಟೆ ಹಿಡಿದರೂ ಸರಿಯೆ, ಮಧ್ಯೆ ಕಾಫಿ ಕುಡಿದು ಬಂದು ಮುಂದುವರಿಸುತ್ತಿದ್ದರು.

ಅವರು ಆಟ ಕಲಿತದ್ದು ಅವರ ಸೋದರಮಾವನಿಂದ, ಹಳೆಯ ದೇಸೀ ಪದ್ಧತಿಯಲ್ಲಿ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುತ್ತದೆ. ಈಗಿನ ಹಾಗೆ ರಾಜ ಆನೆಯ ಜೊತೆ ಸ್ಥಳ ಬದಲಿಸಿ ಕೋಟೆ ಕಟ್ಟಿಕೊಳ್ಳುವಂತಿಲ್ಲ, ಬದಲಿಗೆ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯಬಹುದು. ನಿಧಾನವಾಗಿ ಬಿಚ್ಚಿಕೊಳ್ಳುವ ಆಟ. ಅಂತರರಾಷ್ಟ್ರೀಯ ನಿಯಮಗಳನ್ನು ಅಪ್ಪ ಆಮೇಲೆ ಕಲಿತರಾದರೂ ಮನಸ್ಸು ಮಾತ್ರ ಒಂದು ಮನೆ, ಒಂದು ಮನೆ ಎಂದೇ ನಡೆಯುತ್ತಿತ್ತು. ‘ಕಾಲಾಳು ಕಳೆದುಕೊಂಡವನು ಮನೆ ಕಳೆದುಕೊಂಡ’ ಎಂದು ನನಗೆ ಹೇಳಿದ್ದನ್ನೇ ಮೊಮ್ಮಗಳಿಗೂ ಹೇಳುತ್ತಿದ್ದರು.

ಅಮ್ಮ ಹೋದ ಮೇಲೆ ಅಪ್ಪ ಮೈಸೂರಿನಲ್ಲಿ ನಮ್ಮ ಮನೆಯಲ್ಲೇ ಇದ್ದಾರೆ. ಬರುವಾಗ ಎರಡು ಟ್ರಂಕು, ಒಂದು ಚದುರಂಗದ ಮಣೆ ತಂದರು. ಜೊತೆಗೆ ಬಲಗೈ ನಡುಕವೂ ಬಂತು. ಪಾರ್ಕಿನ್ಸನ್ ಎಂದರು ವೈದ್ಯರು. ಮಾತ್ರೆಯಿಂದ ನಡುಕ ಹಿಡಿತದಲ್ಲಿದೆ. ಆದರೆ ಲೋಟ ಎತ್ತುವುದು, ಗುಂಡಿ ಹಾಕುವುದು, ಕುದುರೆಯನ್ನು ಎತ್ತಿ ಪಕ್ಕದ ಕಾಯಿ ಉರುಳಿಸದೆ ಇನ್ನೊಂದು ಮನೆಯಲ್ಲಿಡುವುದು ಎಲ್ಲಕ್ಕೂ ಹೊತ್ತು ಹಿಡಿಯುತ್ತದೆ. ನನ್ನ ಮಗಳು ಪುಟ್ಟಿಗೆ ಆಗ 12 ವರ್ಷ. ಭಾನುವಾರ ಬೆಳಗ್ಗೆ ದೋಸೆ ಆದ ಮೇಲೆ ಅಜ್ಜ ಮೊಮ್ಮಗಳ ಆಟ ಎಂಬುದು ಬಂದ ಮೊದಲ ತಿಂಗಳಲ್ಲೇ ನಿಗದಿಯಾಯಿತು. ಅಪ್ಪನಿಗೆ ವಾರದಲ್ಲಿ ಅದೊಂದೇ ದಿನ ಶರ್ಟಿಗೆ ಇಸ್ತ್ರಿ ಬೇಕು.

ಎಲ್ಲ ಸರಿಯಾಗಿಯೇ ಇತ್ತು, ಗಡಿಯಾರ ಬರುವವರೆಗೆ.

ಪುಟ್ಟಿ ಶಾಲೆಯ ತಂಡ ಸೇರಿದಳು. ಅಲ್ಲಿ ಆಡುವುದು ಹೆಚ್ಚಾಗಿ ವೇಗದ ಆಟ. ಇಬ್ಬರಿಗೂ ಇಂತಿಷ್ಟೇ ನಿಮಿಷ. ನಡೆ ಮುಗಿಸಿ ಗಡಿಯಾರದ ಗುಂಡಿ ಒತ್ತಿದರೆ ನಿಮ್ಮ ಸಮಯ ನಿಂತು ಎದುರಾಳಿಯದು ಓಡತೊಡಗುತ್ತದೆ. ಯಾರ ಸಮಯ ಮೊದಲು ಮುಗಿಯುತ್ತದೋ ಅವರು ಮಣೆಯ ಮೇಲೆ ಗೆಲ್ಲುವ ಸ್ಥಿತಿಯಲ್ಲಿದ್ದರೂ ಸಾಮಾನ್ಯವಾಗಿ ಸೋತಂತೆಯೇ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟದ ಪ್ರಕಾರ ಒಬ್ಬೊಬ್ಬರಿಗೆ 10 ನಿಮಿಷ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಬ್ಲಿಟ್ಜ್. ಅದಕ್ಕಿಂತ ಹೆಚ್ಚು, ಒಂದು ಗಂಟೆಗಿಂತ ಕಡಿಮೆ ಇದ್ದರೆ ರ‍್ಯಾಪಿಡ್. ಗಡಿಯಾರವೇನೂ ಹೊಸದಲ್ಲ, 1883ರ ಲಂಡನ್ ಟೂರ್ನಿಯಲ್ಲೇ ಜೋಡಿ ಗಡಿಯಾರ ಬಳಸಿದ್ದರು. ಅದಕ್ಕೆ ಮೊದಲು ಒಂದು ನಡೆಗೆ ಗಂಟೆಗಟ್ಟಲೆ ಯೋಚಿಸಿ ಎದುರಿನವರ ತಾಳ್ಮೆ ಪರೀಕ್ಷಿಸುವವರಿದ್ದರಂತೆ. ಅಪ್ಪ ಆ ಕಾಲಕ್ಕೆ ಸೇರಬೇಕಾದವರು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಪುಟ್ಟಿಯ ಹಟಕ್ಕೆ 10 ನಿಮಿಷದ ಆಟ ಶುರುವಾಯಿತು. ಮೊದಲ ಭಾನುವಾರ ಅಪ್ಪನ ಕಡೆ ಒಂದು ಕಾಲಾಳು ಹೆಚ್ಚಿತ್ತು, ಕೆಮ್ಮೂ ಕೇಳಿಸಿತು. ಸ್ವಲ್ಪ ಹೊತ್ತಿಗೆ ಗಡಿಯಾರ ಕೂಗಿತು. ಮುಗಿದಿದ್ದು ಅಪ್ಪನ ಸಮಯ. ಎರಡನೆಯ ಭಾನುವಾರ ಎರಡು ಕಾಲಾಳು ಹೆಚ್ಚಿದ್ದವು, ಆಗಲೂ ಅದೇ ಕೂಗು. ಮೂರನೆಯ ವಾರ ಕೊನೆಯ ನಿಮಿಷದಲ್ಲಿ ಅವಸರಪಟ್ಟು ಆನೆಯನ್ನು ಎತ್ತಹೋಗಿ ಕೈ ತಗುಲಿ ಅರ್ಧ ಮಣೆ ಉರುಳಿತು. ಅಪ್ಪ ಒಂದೊಂದೇ ಕಾಯಿಯನ್ನು ಮತ್ತೆ ನಿಲ್ಲಿಸುತ್ತಿದ್ದಾಗ ಅವರ ಗಡಿಯಾರ ಓಡುತ್ತಲೇ ಇತ್ತು. ನಿಯಮದ ಪ್ರಕಾರ ಸರಿಯೇ, ಬೀಳಿಸಿದವರು ತಮ್ಮ ಸಮಯದಲ್ಲೇ ಸರಿಪಡಿಸಬೇಕು. ಪುಟ್ಟಿ ‘ನಿಲ್ಲಿಸಲಾ ಅಜ್ಜಾ?’ ಎಂದಳು. ‘ಬೇಡ’ ಎಂದರು.

‘ಅಜ್ಜನಿಗೆ 15, ನನಗೆ 5’ ಎಂದು ಅವಳು ಹಂಚಿ ನೋಡಿದಳು. ಅಪ್ಪ ಒಪ್ಪಲಿಲ್ಲ. ಆಗ ನಾನೊಂದು ತಪ್ಪು ಮಾಡಿದೆ. ಅಡುಗೆಮನೆಗೆ ಮಗಳನ್ನು ಕರೆದು, ‘ಈ ವಾರ ಸ್ವಲ್ಪ ಸೋತುಬಿಡು’ ಎಂದೆ. ಅವಳಿಗೆ ನಟನೆ ಬರುವುದಿಲ್ಲ. ಎಂಟನೆಯದೋ ಒಂಬತ್ತನೆಯದೋ ನಡೆಯಲ್ಲಿ ಕುದುರೆಯನ್ನು ತಂದು ಅಪ್ಪನ ಕಾಲಾಳಿನ ಬಾಯಿಗೇ ಇಟ್ಟಳು. ಅಪ್ಪ ಆ ಕುದುರೆಯನ್ನು ನೋಡಿದರು, ಅವಳನ್ನು ನೋಡಿದರು, ತಿರುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಕಾಯಿಗಳನ್ನು ಡಬ್ಬಿಗೆ ತುಂಬಿ, ಮಣೆ ಮಡಿಚಿ, ಟ್ರಂಕಿನ ಮೇಲಿಟ್ಟರು. ಮುಂದಿನ ಆರು ಭಾನುವಾರ ಶರ್ಟಿಗೆ ಇಸ್ತ್ರಿ ಬೇಕಾಗಲಿಲ್ಲ.

ಮನೆಯಲ್ಲಿ ಯಾರೂ ಯಾರನ್ನೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಾನು ಎಂಟನೇ ತರಗತಿಯಲ್ಲಿ ಚದುರಂಗ ಬಿಟ್ಟವಳು. ತಪ್ಪು ನನ್ನದಾದ್ದರಿಂದ ದಾರಿಯನ್ನೂ ನಾನೇ ಹುಡುಕಬೇಕೆಂದು ರಾತ್ರಿ ಹೊತ್ತು ಆಟಗಳನ್ನು ನೋಡತೊಡಗಿದೆ. ಮೊದಲು ಮಾಡಿದ್ದು ಒಂದು ಸಣ್ಣ ಗುಣಾಕಾರ. ಅಪ್ಪನಿಗೆ ಕಾಯಿ ಎತ್ತಿ, ಇಟ್ಟು, ಗುಂಡಿ ಒತ್ತಲು ಸುಮಾರು 5 ಸೆಕೆಂಡು ಬೇಕು. ಅವರ ಆಟ 60 ನಡೆಗೆ ಹೋದರೆ 300 ಸೆಕೆಂಡು, ಅಂದರೆ ಹತ್ತು ನಿಮಿಷದಲ್ಲಿ ಐದು ನಿಮಿಷ ಕೈಗೇ ಹೋಯಿತು. ಯೋಚನೆಗೆ ಉಳಿದದ್ದು ಐದೇ ನಿಮಿಷ. ಅದೇ ಆಟ 25 ನಡೆಯಲ್ಲಿ ಮುಗಿದರೆ ಕೈಗೆ ಹೋಗುವುದು ಎರಡು ನಿಮಿಷ ಚಿಲ್ಲರೆ. ಅಪ್ಪನ ಕಷ್ಟ ಅವರ ತಲೆಯಲ್ಲಿರಲಿಲ್ಲ, ಕೈಯಲ್ಲೂ ಪೂರ್ತಿ ಇರಲಿಲ್ಲ. ಒಂದು ಕಾಲಾಳು ಉಳಿಸಿಕೊಂಡು ಗೆಲ್ಲುವುದಕ್ಕೆ ಬಹಳ ನಡೆ ಬೇಕು, ಅಷ್ಟು ನಡೆ ಆಡುವ ಸಮಯ ಅವರ ಬಳಿ ಇರಲಿಲ್ಲ, ಅಷ್ಟೆ. ಬೇಗ ಮುಗಿಯುವ ಆಟ ಬೇಕಿತ್ತು. ಬೇಗ ಮುಗಿಯುವ ಆಟಗಳನ್ನು ಹುಡುಕಿದಾಗಲೆಲ್ಲ ಒಂದೇ ಪದ ಎದುರಾಗುತ್ತಿತ್ತು: ಗ್ಯಾಂಬಿಟ್.

ಆಟದ ಆರಂಭದಲ್ಲೇ ಬೇಕೆಂದೇ ಕಾಲಾಳು ಬಿಟ್ಟುಕೊಟ್ಟು, ಬದಲಿಗೆ ದಾಳಿಯ ಅವಕಾಶ ಪಡೆಯುವುದಕ್ಕೆ ಆ ಹೆಸರು. ಇಟಲಿಯ ಕುಸ್ತಿಯ ಮಾತಿನಿಂದ ಬಂದ ಪದವಂತೆ. ಎದುರಾಳಿಯ ಕಾಲಿಗೆ ಕಾಲು ಕೊಟ್ಟು ಬೀಳಿಸುವ ಪಟ್ಟು. ನಮ್ಮಲ್ಲಿ ‘ಅಡ್ಡಗಾಲು’ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಇದನ್ನು ಅಪ್ಪನಿಗೆ ಹೇಳುವುದು ಹೇಗೆ? ಒಂದು ಸಂಜೆ ಅವರು ಟೀ ಕುಡಿಯುವಾಗ ಕೇಳಿದೆ: ‘ಅಪ್ಪಾ, ಒಂದು ಕಾಲಾಳಿನ ಬೆಲೆ ಎಷ್ಟು?’

‘ಒಂದು.’

‘ಮೂರು ನಡೆ ಅಂತ ಹಳೆಯ ಆಟಗಾರರು ಲೆಕ್ಕ ಹಾಕ್ತಿದ್ದರಂತೆ. ಎದುರಿನವನು ಒಂದು ಕಾಲಾಳು ತಿನ್ನೋದರಲ್ಲಿ ನಿಮ್ಮ ಕಾಯಿಗಳು ಅವನಿಗಿಂತ ಮೂರು ನಡೆ ಮುಂದೆ ಹೋದರೆ ಲೆಕ್ಕ ಸರಿಹೋಯಿತಂತೆ.’

ಅವರು ಲೋಟ ಕೆಳಗಿಟ್ಟರು. ‘ಯಾವ ಖಾತೆಯಲ್ಲಿ?’ ಎಂದರು. ಅಪ್ಪ ಆಸಕ್ತಿಯಿಂದ ಕೇಳುವ ರೀತಿ ಅದು.

ಮಣೆಯನ್ನು ಟ್ರಂಕಿನ ಮೇಲಿಂದ ನಾನೇ ಇಳಿಸಿದೆ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ನಡೆದ ಪ್ರಸಿದ್ಧ ಆಟವನ್ನು ಒಂದೊಂದೇ ನಡೆಯಾಗಿ ಆಡಿ ತೋರಿಸಿದೆ. ಅಮೆರಿಕದ ಪಾಲ್ ಮಾರ್ಫಿಗೆ ಆಗ 21 ವರ್ಷ. ಎದುರಿಗೆ ಕೂಡಿ ಯೋಚಿಸಿ ಆಡುತ್ತಿದ್ದ ಇಬ್ಬರು ಶ್ರೀಮಂತರು, ಒಬ್ಬ ಡ್ಯೂಕ್, ಒಬ್ಬ ಕೌಂಟ್. ಮಾರ್ಫಿ ಕುದುರೆ ಕೊಟ್ಟ, ಆನೆ ಕೊಟ್ಟ, ಕೊನೆಗೆ ಮಂತ್ರಿಯನ್ನೇ ಕೊಟ್ಟ. 17ನೇ ನಡೆಯಲ್ಲಿ ಉಳಿದ ಒಂದು ಆನೆ, ಒಂದು ಒಂಟೆಯಿಂದ ಚೆಕ್‌ಮೇಟ್. ಅಪ್ಪ ಬಹಳ ಹೊತ್ತು ಕಪ್ಪು ಕಾಯಿಗಳ ಕಡೆ ನೋಡಿದರು. ರಾಜನ ಪಕ್ಕದ ಒಂಟೆ, ಅದರಾಚೆ ಮೂಲೆಯ ಆನೆ ಆಟ ಮುಗಿಯುವವರೆಗೂ ಒಂದು ಹೆಜ್ಜೆ ಕದಲಿರಲಿಲ್ಲ.

‘ಇವು ಹಾಜರಿ ಪುಸ್ತಕದಲ್ಲಿವೆ, ಕೆಲಸಕ್ಕೆ ಬಂದಿಲ್ಲ’ ಎಂದರು.

ಅಲ್ಲಿಗೆ ನನ್ನ ಅರ್ಧ ಕೆಲಸ ಆಯಿತು. ಕಾಯಿಗಳ ಸಂಖ್ಯೆ ಬೇರೆ, ಕೆಲಸ ಮಾಡುತ್ತಿರುವ ಕಾಯಿಗಳ ಸಂಖ್ಯೆ ಬೇರೆ ಎಂಬುದನ್ನು ಅವರು ತಮ್ಮ ಭಾಷೆಗೆ ಇಳಿಸಿಕೊಂಡಿದ್ದರು.

ಆಮೇಲೆ ಕ್ಯಾಪ್ಟನ್ ಇವಾನ್ಸ್ ಕಥೆ ಹೇಳಿದೆ. ವೇಲ್ಸ್ ದೇಶದ ಹಡಗಿನ ಕ್ಯಾಪ್ಟನ್. 1820ರ ದಶಕದಲ್ಲಿ, ಇಟಾಲಿಯನ್ ಎನ್ನುವ ಶಾಂತವಾದ ಆರಂಭದ ನಾಲ್ಕನೇ ನಡೆಯಲ್ಲಿ ಮಂತ್ರಿಯ ಕಡೆಯ ಒಂದು ಕಾಲಾಳನ್ನು ಸುಮ್ಮನೆ ಎದುರಾಳಿಯ ಒಂಟೆಯ ಮುಂದೆ ತಳ್ಳುವ ಉಪಾಯ ಹುಡುಕಿದ. ಒಂಟೆ ಅದನ್ನು ತಿಂದರೆ ಇನ್ನೊಂದು ಕಾಲಾಳಿನಿಂದ ಅದನ್ನೇ ಅಟ್ಟಿಸಿ, ಮಣೆಯ ನಡುವನ್ನು ಹಿಡಿಯುವುದು. ಸುಮಾರು 170 ವರ್ಷಗಳ ಮೇಲೆ, 1995ರಲ್ಲಿ, ರೀಗಾದ ಟೂರ್ನಿಯಲ್ಲಿ ಕ್ಯಾಸ್ಪರೋವ್ ಇದೇ ಹಳೆಯ ಅಸ್ತ್ರವನ್ನು ನಮ್ಮ ವಿಶ್ವನಾಥನ್ ಆನಂದ್ ಮೇಲೆ ಬಿಟ್ಟ. 25 ನಡೆಯಲ್ಲಿ ಆನಂದ್ ಸೋಲೊಪ್ಪಿದರು. ಅದು ವೇಗದ ಆಟವಲ್ಲ, ಯೋಚಿಸಲು ಬೇಕಾದಷ್ಟು ಸಮಯವಿದ್ದ ಆಟ. ಆನಂದ್ ಅಂಥವರಿಗೇ ಹಾಗಾದರೆ ಹತ್ತು ನಿಮಿಷದಲ್ಲಿ ಉಳಿದವರ ಪಾಡೇನು ಎಂದು ಅಪ್ಪನೇ ಕೇಳಿದರು. ‘ಪುಟ್ಟಿಗೆ ಹೇಳಬೇಡ’ ಎಂದೂ ಸೇರಿಸಿದರು.

ವೇಗದ ಆಟದಲ್ಲಿ ಈ ಉಪಾಯಕ್ಕೆ ಹೆಚ್ಚು ಬಲ ಬರುವುದು ಏಕೆಂದರೆ, ದಾಳಿ ಮಾಡುವವನಿಗೆ ನಡೆಗಳು ಎದುರಿಗೇ ಕಾಣುತ್ತಿರುತ್ತವೆ. ಒಂಟೆ ರಾಜನ ಕಡೆ ನೋಡುತ್ತಿದೆ, ಕುದುರೆಯನ್ನೂ ಅತ್ತಲೇ ತಾ, ಆನೆಯನ್ನು ಖಾಲಿ ಸಾಲಿಗೆ ತಾ. ತಡೆಯುವವನಿಗೆ ಹಾಗಲ್ಲ. ಪ್ರತಿ ನಡೆಯಲ್ಲೂ ಒಂದೋ ಎರಡೋ ಮಾತ್ರ ಸರಿಯಾದ ಉತ್ತರ ಇರುತ್ತದೆ, ಅದನ್ನು ಹುಡುಕಲು ಸಮಯ ಬೇಕು. ಎದುರಿನವನ ಕಾಲಾಳು ತಿಂದು ಅವನು ಗಳಿಸಿದ್ದು ಒಂದು ಅಂಕ, ಕಳೆದುಕೊಳ್ಳುತ್ತಿರುವುದು ನಿಮಿಷಗಳು. ಕಂಪ್ಯೂಟರನ್ನು ಕೇಳಿದರೆ ಇಂಥ ಎಷ್ಟೋ ಗ್ಯಾಂಬಿಟ್‌ಗಳಿಗೆ ಸರಿಯಾದ ಉತ್ತರ ಇದೆ ಎಂದು ತೋರಿಸಿಕೊಡುತ್ತದೆ. ಆದರೆ ಕಂಪ್ಯೂಟರಿಗೆ ಬೆವರುವುದಿಲ್ಲವಲ್ಲ.

ಅಪ್ಪನಿಗಾಗಿ ನಾನು ಆರಿಸಿದ್ದು ಡೇನಿಶ್ ಗ್ಯಾಂಬಿಟ್. ನೆನಪಿಡುವುದು ಸುಲಭ. ಮಣೆ ಹತ್ತಿರವಿದ್ದರೆ ಆಡಿ ನೋಡಿ. ಬಿಳಿ ರಾಜನ ಕಾಲಾಳು ಇ4ಕ್ಕೆ, ಕಪ್ಪು ಇ5ಕ್ಕೆ. ಬಿಳಿ ಕೂಡಲೇ ಡಿ4. ಕಪ್ಪು ಅದನ್ನು ತಿನ್ನುತ್ತದೆ. ಬಿಳಿ ಅದನ್ನು ತಿರುಗಿ ತಿನ್ನಲು ಹೋಗದೆ ಇನ್ನೊಂದು ಕಾಲಾಳನ್ನು ಸಿ3ಕ್ಕೆ ತರುತ್ತದೆ. ಕಪ್ಪು ಅದನ್ನೂ ತಿನ್ನುತ್ತದೆ. ಬಿಳಿ ಒಂಟೆ ಸಿ4ಕ್ಕೆ ಬರುತ್ತದೆ. ಕಪ್ಪು ಕಾಲಾಳು ಮೂರನೆಯದನ್ನೂ ಬಿ2ರಲ್ಲಿ ತಿನ್ನುತ್ತದೆ. ಆಗ ಬಿಳಿಯ ಇನ್ನೊಂದು ಒಂಟೆ ಆ ಹೊಟ್ಟೆಬಾಕನನ್ನು ತಿಂದು ಬಿ2ರಲ್ಲಿ ಕೂರುತ್ತದೆ. ಈಗ ನೋಡಿ: ಬಿಳಿಗೆ ಎರಡು ಕಾಲಾಳು ಕಡಿಮೆ, ಆದರೆ ಎರಡು ಒಂಟೆಗಳೂ ಅಕ್ಕಪಕ್ಕದ ಓಣಿಗಳಲ್ಲಿ ಕಪ್ಪು ರಾಜನ ಕಡೆಗೆ ಫಿರಂಗಿಗಳ ಹಾಗೆ ತಿರುಗಿ ನಿಂತಿವೆ. ಕಪ್ಪಿನ ನಾಲ್ಕು ನಡೆಯೂ ಕಾಲಾಳಿಗೇ ಹೋಗಿದೆ. ಕುದುರೆ, ಒಂಟೆ, ಆನೆ, ಮಂತ್ರಿ ಯಾರೂ ಮನೆಯಿಂದ ಹೊರಗೆ ಬಂದಿಲ್ಲ.

ಏಳನೆಯ ಭಾನುವಾರ ಅಪ್ಪ ಶರ್ಟು ಕೇಳಿದರು.

ಮೊದಲ ಆಟ ಸೋತರು. ಎರಡು ಕಾಲಾಳು ಕೊಟ್ಟದ್ದೇನೋ ಸರಿ. ಕೊಟ್ಟ ಮೇಲೆ ಹೊಟ್ಟೆಯುರಿ ಶುರುವಾಗಿ, ಹೇಗಾದರೂ ಒಂದನ್ನಾದರೂ ವಾಪಸು ಪಡೆಯಬೇಕೆಂದು ಮಂತ್ರಿಯನ್ನು ಮಣೆಯ ಮೂಲೆಗೆ ಅಟ್ಟಿದರು. ಅಷ್ಟರಲ್ಲಿ ಪುಟ್ಟಿ ಕೋಟೆ ಕಟ್ಟಿಕೊಂಡು ಎಲ್ಲ ಕಾಯಿ ಹೊರಗೆ ತಂದಳು. ಎರಡನೆಯ ಆಟದಲ್ಲಿ ಮಂತ್ರಿಗೆ ಮಂತ್ರಿ ಬದಲಾಯಿಸಿಕೊಂಡರು. ಹಳೆಯ ಅಭ್ಯಾಸ. ದಾಳಿ ಮಾಡುವವನು ದೊಡ್ಡ ಕಾಯಿಗಳನ್ನು ಬದಲಾಯಿಸಿಕೊಂಡರೆ ದಾಳಿಗೆ ಯಾರು ಉಳಿಯುತ್ತಾರೆ? ಕೊಟ್ಟ ಕಾಲಾಳಿನ ಸಾಲ ಮಾತ್ರ ತಲೆಯ ಮೇಲೆ ಉಳಿಯುತ್ತದೆ. ಆ ರಾತ್ರಿ ಅಪ್ಪ ಒಂದು ಹಳೆಯ ಲೆಕ್ಕದ ಪುಸ್ತಕ ಹುಡುಕಿ ತೆಗೆದು ಗೆರೆ ಎಳೆದರು. ತಾರೀಖು, ಕೊಟ್ಟ ಕಾಲಾಳು, ಹತ್ತನೇ ನಡೆಯಲ್ಲಿ ಹೊರಗೆ ಬಂದಿದ್ದ ಕಾಯಿ, ಉಳಿದ ಸಮಯ, ಫಲಿತಾಂಶ. ಅಕ್ಷರ ನಡುಗಿದೆ, ಗೆರೆ ಮಾತ್ರ ನೇರವಾಗಿದೆ, ಅಡಿಪಟ್ಟಿ ಇಟ್ಟು ಎಳೆದದ್ದು.

ಮಾರನೆಯ ಭಾನುವಾರದ ಆಟ ನನಗೆ ಬಾಯಿಪಾಠವಾಗಿದೆ. ಪುಟ್ಟಿ ಮೂರು ಕಾಲಾಳನ್ನೂ ತಿಂದಳು. ಆಮೇಲೆ ಆಸೆ ಹೆಚ್ಚಾಗಿ ಮಂತ್ರಿಯನ್ನು ಜಿ5ಕ್ಕೆ ತಂದಳು, ಜಿ2ರ ಕಾಲಾಳಿನ ಮೇಲೆ ಕಣ್ಣು. ಅಪ್ಪ ಆ ಕಾಲಾಳನ್ನು ಕಾಯಲಿಲ್ಲ. ನನ್ನ ಎದೆ ಹೊಡೆದುಕೊಂಡಿತು. ನನ್ನ ಅಪ್ಪ, ಕಾಲಾಳಿಗೆ ಕಾವಲು ಹಾಕಲಿಲ್ಲ! ಕುದುರೆಯನ್ನು ಎಫ್3ಕ್ಕೆ ತಂದು ಮಂತ್ರಿಯನ್ನೇ ಕೆಣಕಿದರು. ಪುಟ್ಟಿ ಜಿ2 ತಿಂದಳು. ಅಪ್ಪ ಆನೆಯನ್ನು ಪಕ್ಕದ ಮನೆಗೆ, ಜಿ1ಕ್ಕೆ, ಸರಿಸಿದರು. ಮಂತ್ರಿಗೆ ಬದುಕಲು ಇಡೀ ಮಣೆಯಲ್ಲಿ ಉಳಿದದ್ದು ಒಂದೇ ಮನೆ, ಎಚ್3. ಅಲ್ಲಿಗೆ ಹೋಯಿತು. ಅಪ್ಪನ ಕೈ ಮೇಲೆದ್ದಿತು, ನಡುಗುತ್ತ ಸಿ4ರ ಒಂಟೆಯನ್ನು ಹಿಡಿಯಿತು, ಮಣೆಯುದ್ದಕ್ಕೂ ಸಾಗಿ ಎಫ್7ರ ಕಾಲಾಳನ್ನು ತಿಂದಿತು. ಚೆಕ್. ಆರಂಭದಲ್ಲಿ ಎಫ್7 ಕಪ್ಪಿನ ಅತಿ ದುರ್ಬಲ ಮನೆ, ಅದನ್ನು ಕಾಯುವವನು ರಾಜ ಒಬ್ಬನೇ. ಪುಟ್ಟಿ ಎರಡೇ ಸೆಕೆಂಡಿನಲ್ಲಿ ರಾಜನಿಂದ ಒಂಟೆಯನ್ನು ತಿಂದು ಗುಂಡಿ ಒತ್ತಿದಳು. ಅಪ್ಪ ಕುದುರೆಯನ್ನು ಜಿ5ಕ್ಕೆ ಜಿಗಿಸಿದರು. ರಾಜನಿಗೂ ಚೆಕ್, ಮಂತ್ರಿಯ ಮೇಲೂ ಕಾಲು. ರಾಜ ಸರಿಯಲೇಬೇಕು, ಮಂತ್ರಿ ಹೋಗಲೇಬೇಕು.

ಅವಳು ಒಂಟೆಯನ್ನು ತಿನ್ನದೆ ರಾಜನನ್ನು ಪಕ್ಕಕ್ಕೆ ಸರಿಸಿದ್ದರೆ ಆಟ ಇನ್ನೂ ನಡೆಯುತ್ತಿತ್ತು. ಆದರೆ ಗಡಿಯಾರ ಓಡುತ್ತಿರುವಾಗ ಎದುರಿಗೆ ಬಂದು ಕೂತ ಒಂಟೆಯನ್ನು ತಿನ್ನದಿರುವುದು 12 ವರ್ಷದವರಿಗೆ ಹೇಗೆ ಸಾಧ್ಯ? 45ರ ನನಗೇ ಸಾಧ್ಯವಿಲ್ಲ.

ಪುಟ್ಟಿ ಎರಡೂ ಕೈಯಲ್ಲಿ ಕೆನ್ನೆ ಹಿಡಿದು ಕೂತಳು. ಈ ಸಲ ನಟನೆಯಲ್ಲ ಎಂಬುದು ಅಪ್ಪನಿಗೂ ಗೊತ್ತಿತ್ತು, ಅವಳ ಕಿವಿ ಕೆಂಪಾಗಿತ್ತು. ಮಂತ್ರಿಯನ್ನು ತಿಂದು ಪಕ್ಕಕ್ಕಿಟ್ಟ ಮೇಲೆ ಅಪ್ಪ ಅಭ್ಯಾಸಬಲದಿಂದ ಕಾಲಾಳುಗಳನ್ನು ಎಣಿಸಿದರು. ‘ನನ್ನದು ನಾಲ್ಕು, ನಿನ್ನದು ಆರು. ಎರಡು ನಷ್ಟದಲ್ಲಿದ್ದೀನಿ’ ಎಂದರು. ಕೆಮ್ಮಲಿಲ್ಲ, ನಕ್ಕರು. ಗಡಿಯಾರದಲ್ಲಿ ಅವರಿಗೆ ಇನ್ನೂ ಏಳು ನಿಮಿಷದ ಮೇಲಿತ್ತು. 24ನೇ ನಡೆಯಲ್ಲಿ ಆಟ ಮುಗಿಯಿತು.

ಇಷ್ಟಕ್ಕೇ ನಿಲ್ಲಿಸಿದರೆ ನೀವೆಲ್ಲ ನಾಳೆಯೇ ಕಾಲಾಳು ಹಂಚಲು ಹೊರಡುತ್ತೀರಿ. ಮುಂದಿನದನ್ನೂ ಕೇಳಿ. ಪುಟ್ಟಿ ಸುಮ್ಮನಿರುವ ಹುಡುಗಿಯಲ್ಲ. ವಾರವೆಲ್ಲ ಓದಿ, ಆಸ್ಟ್ರಿಯಾದ ಶ್ಲೆಕ್ಟರ್ ಎಂಬ ಹಳೆಯ ಆಟಗಾರನ ಹೆಸರಿನ ಉತ್ತರ ಕಲಿತು ಬಂದಳು. ಮೂರೂ ಕಾಲಾಳು ತಿಂದಾದ ಮೇಲೆ ತನ್ನದೊಂದು ಕಾಲಾಳನ್ನು ಡಿ5ಕ್ಕೆ ತಳ್ಳಿ ತಾನೇ ಕೊಟ್ಟಳು! ಅಪ್ಪನ ಒಂಟೆ ತಿಂದಿತು. ಅವಳ ಕುದುರೆ ಎಫ್6ಕ್ಕೆ ಬಂತು. ಅಪ್ಪ ಹಳೆಯ ಹುರುಪಿನಲ್ಲಿ ಒಂಟೆಯಿಂದ ಎಫ್7 ತಿಂದು ಚೆಕ್ ಕೊಟ್ಟರು, ರಾಜ ಒಂಟೆಯನ್ನು ತಿಂದ, ಕಾವಲಿಲ್ಲದ ಅವಳ ಮಂತ್ರಿಯನ್ನು ಅಪ್ಪನ ಮಂತ್ರಿ ತಿಂದಿತು. ಅಪ್ಪ ಗೆದ್ದೆ ಎಂದುಕೊಂಡು ಗುಂಡಿ ಒತ್ತಿದರು. ಪುಟ್ಟಿ ಒಂಟೆಯನ್ನು ಬಿ4ಕ್ಕೆ ಹಾರಿಸಿ ‘ಚೆಕ್’ ಎಂದಳು. ಒಂಟೆ ಸರಿದದ್ದರಿಂದ ಮೂಲೆಯ ಆನೆಯ ದಾರಿ ತೆರೆದು ಅಪ್ಪನ ಮಂತ್ರಿಯ ಮೇಲೂ ಕಣ್ಣು ಬಿದ್ದಿತ್ತು. ಅಪ್ಪ ಮಂತ್ರಿಯನ್ನು ಅಡ್ಡ ತಂದು ಒಂಟೆಗೆ ಬದಲಾಯಿಸಿಕೊಳ್ಳಬೇಕಾಯಿತು. ಲೆಕ್ಕ ಹಾಕಿದರೆ ಐದು ಕಾಲಾಳಿಗೆ ಐದು ಕಾಲಾಳು, ಎಲ್ಲ ಸಮ. ದಾಳಿ ಇಲ್ಲ, ಮಂತ್ರಿಗಳಿಲ್ಲ, ಮುಂದೆ ಉದ್ದವಾದ ದಾರಿ. ಆ ದಾರಿಯ ಕೊನೆಯಲ್ಲಿ ಗಡಿಯಾರ ಅಪ್ಪನ ಕಡೆಯೇ ಕೂಗಿತು.

‘ತಿಂದದ್ದನ್ನು ಸಕಾಲಕ್ಕೆ ವಾಪಸು ಕೊಟ್ಟುಬಿಟ್ಟಳು’ ಎಂದರು ಅಪ್ಪ. ಅವರಿಗೆ ಸೋತ ಬೇಸರಕ್ಕಿಂತ ಆ ಜಮಾಖರ್ಚಿನ ಅಂದವೇ ಹೆಚ್ಚು ಹಿಡಿಸಿದಂತೆ ಕಂಡಿತು.

ಆಮೇಲಿನಿಂದ ಅವರು ಎರಡರ ಬದಲು ಒಂದೇ ಕಾಲಾಳು ಕೊಡುತ್ತಾರೆ. ಸಿ3ರಲ್ಲಿ ಕಪ್ಪು ಕಾಲಾಳು ತಿಂದಾಗ ಅದನ್ನು ಕುದುರೆಯಿಂದ ತಿರುಗಿ ತಿನ್ನುವುದು. ಸಾಲ ಕಡಿಮೆ, ಬಡ್ಡಿಯೂ ಕಡಿಮೆ, ಆದರೂ ಕುದುರೆ ಹೊರಗೆ ಬಂದಿರುತ್ತದೆ, ಓಣಿಗಳು ತೆರೆದಿರುತ್ತವೆ. ಕೊಡುವ ಮೊದಲು ಅವರು ನೋಡುವುದು ಎದುರಿನ ರಾಜ ಇನ್ನೂ ಮಧ್ಯದಲ್ಲಿದ್ದಾನೆಯೇ ಎಂಬುದನ್ನು. ಕೋಟೆಯೊಳಗೆ ಸೇರಿಬಿಟ್ಟಿದ್ದರೆ ಅಪ್ಪನ ಕೈಯಿಂದ ಒಂದು ಕಾಲಾಳನ್ನೂ ಕೀಳಲಾಗದು. ಕೊಟ್ಟ ಮೇಲೆ ಪ್ರತಿ ನಡೆಗೂ ಒಂದು ಬೆದರಿಕೆ ಇರಬೇಕು. ಚೆಕ್ ಆಗಬಹುದು, ಮಂತ್ರಿಯನ್ನು ಅಟ್ಟುವುದಾಗಬಹುದು. ಎದುರಿನವರಿಗೆ ಉಸಿರಾಡಲು ಎರಡು ನಡೆ ಸಿಕ್ಕಿತೋ, ಕೊಟ್ಟದ್ದು ದಾನವಾಯಿತು ಎನ್ನುತ್ತಾರೆ. ಇದೆಲ್ಲ ಅವರ ಪುಸ್ತಕದ ಹಿಂದಿನ ಪುಟದಲ್ಲಿ ಬರೆದಿದೆ. ನನಗೆ ತೋರಿಸಿದ್ದಾರೆ, ಪುಟ್ಟಿಗೆ ಇಲ್ಲ.

ಒಂದು ರಾತ್ರಿ ಅವರಿಗೆ ಮಿಖಾಯಿಲ್ ತಾಲ್ ವಿಷಯ ಹೇಳಿದೆ. ರೀಗಾದಲ್ಲಿ 1936ರಲ್ಲಿ ಹುಟ್ಟಿದವನು. ಬಲಗೈಯಲ್ಲಿ ಹುಟ್ಟಿನಿಂದಲೇ ಮೂರು ಬೆರಳು. ಕಾಯಿಗಳನ್ನು ಬಲಿ ಕೊಟ್ಟು ದಾಳಿ ಮಾಡುವುದರಲ್ಲಿ ಅವನಂಥವರು ವಿರಳ. 1960ರಲ್ಲಿ, 23ನೇ ವಯಸ್ಸಿಗೆ, ಬೊಟ್ವಿನ್ನಿಕ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಬದುಕಿನುದ್ದಕ್ಕೂ ಮೂತ್ರಪಿಂಡದ ಕಾಯಿಲೆ. 51 ವರ್ಷವಾಗಿದ್ದಾಗ, 1988ರಲ್ಲಿ, ಕೆನಡಾದಲ್ಲಿ ನಡೆದ ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್ ಗೆದ್ದ. ಕ್ಯಾಸ್ಪರೋವ್, ಕಾರ್ಪೋವ್ ಇಬ್ಬರೂ ಆಡಿದ್ದ ಟೂರ್ನಿ ಅದು. 1992ರ ಮೇ ತಿಂಗಳಲ್ಲಿ ಆಸ್ಪತ್ರೆಯಿಂದ ಎದ್ದು ಬಂದು ಮಾಸ್ಕೋದ ಬ್ಲಿಟ್ಜ್ ಟೂರ್ನಿಯಲ್ಲಿ ಆಡಿ, ಕ್ಯಾಸ್ಪರೋವ್‌ನನ್ನು ಒಂದು ಆಟದಲ್ಲಿ ಸೋಲಿಸಿದ. ಜೂನ್‌ನಲ್ಲಿ ತೀರಿಕೊಂಡ.

ಅಪ್ಪ ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ‘ಮೂರು ಬೆರಳಲ್ಲಿ ಗುಂಡಿ ಒತ್ತುತ್ತಿದ್ದನಾ?’ ಎಂದು ಕೇಳಿದರು. ಮರುದಿನ ಬೆಳಗ್ಗೆ ಮಣೆಯ ಮುಂದೆ ಒಬ್ಬರೇ ಕೂತು ಎಡಗೈಯಲ್ಲಿ ಕಾಯಿ ಎತ್ತಿ, ಎಡಗೈಯಲ್ಲೇ ಗುಂಡಿ ಒತ್ತುವ ಅಭ್ಯಾಸ ಮಾಡುತ್ತಿದ್ದರು. ಕಾಯಿ ನಡೆಸಿದ ಕೈಯಿಂದಲೇ ಗುಂಡಿ ಒತ್ತಬೇಕೆಂಬ ನಿಯಮವಿದೆ. ಆ ಕೈ ಬಲಗೈಯೇ ಆಗಬೇಕೆಂದಿಲ್ಲ ಎಂಬುದು ನನಗಾಗಲಿ ಪುಟ್ಟಿಗಾಗಲಿ ಹೊಳೆದಿರಲಿಲ್ಲ. ಈಗ ಒಂದು ನಡೆಗೆ ಮೂರು ಸೆಕೆಂಡು ಸಾಕು.

ಪುಸ್ತಕದ ಪ್ರಕಾರ ಹೊಸ ಖಾತೆ ತೆರೆದ ಮೇಲೆ 31 ಆಟ. ಪುಟ್ಟಿಗೆ 18, ಅಪ್ಪನಿಗೆ 11, ಎರಡು ಡ್ರಾ. ಗಡಿಯಾರ ಕೂಗಿ ಅಪ್ಪ ಸೋತದ್ದು ನಾಲ್ಕೇ ಸಲ. ಉಳಿದವನ್ನು ಮಣೆಯ ಮೇಲೆ ಸೋತಿದ್ದಾರೆ, ಅದಕ್ಕೆ ಅವರ ತಕರಾರಿಲ್ಲ.

ಕಳೆದ ಭಾನುವಾರ ಪುಟ್ಟಿಯದು ಬಿಳಿ ಕಾಯಿ. ಇಬ್ಬರೂ ಕುದುರೆ ತಂದರು, ಒಂಟೆ ತಂದರು, ಶಾಂತವಾಗಿ ಸಾಗುತ್ತಿತ್ತು. ನಾಲ್ಕನೇ ನಡೆಗೆ ಅವಳು ಬಿ ಸಾಲಿನ ಕಾಲಾಳನ್ನು ಎರಡು ಮನೆ ತಳ್ಳಿ, ಅಪ್ಪನ ಒಂಟೆಯ ಮುಂದೆ ಇಟ್ಟಳು. ಕ್ಯಾಪ್ಟನ್ ಇವಾನ್ಸ್! ಅಪ್ಪ ನನ್ನ ಕಡೆ ತಿರುಗಿ ನೋಡಿದರು. ನಾನು ಹೇಳಿಕೊಟ್ಟಿರಲಿಲ್ಲ, ದೇವರಾಣೆ. ಅವರು ಆ ಕಾಲಾಳನ್ನು ನೋಡಿದರು, ಒಂಟೆಯನ್ನು ನೋಡಿದರು, ಮತ್ತೆ ಕಾಲಾಳನ್ನು ನೋಡಿದರು. ಎಡಗೈ ಮಣೆಯ ಮೇಲೆ ಅರ್ಧಕ್ಕೆ ಹೋಗಿ ನಿಂತಿತು. ಒಂದು ನಿಮಿಷ ಕಳೆಯಿತು, ಒಂದೂವರೆ ಆಯಿತು.

‘ಅಜ್ಜಾ, ಗಡಿಯಾರ’ ಎಂದಳು ಪುಟ್ಟಿ.

‘ಇರು, ತಿನ್ನೋದೋ ಬೇಡವೋ ನೋಡ್ತಿದ್ದೀನಿ’ ಎಂದರು ಅಪ್ಪ.